ಊರ ಕೆಲಸ ಮಾಡುವವರಿಗೆ ನಮ್ಮ ಜಿಲ್ಲೆಯಲ್ಲೇ ತರಬೇತಿ ಕೊಡಿ

ಸಂಪಾದಕರಿಗೆ ನಮಸ್ಕಾರ.

ಪಿಯುಸಿ ಫಲಿತಾಂಶ ಬಂದ ಮೇಲೆ ಎಲ್ಲ ಪತ್ರಿಕೆಗಳಲ್ಲೂ ‘ಮುಂದೇನು ಓದಬೇಕು’ ಅನ್ನುವ ಲೇಖನಗಳು ಬರುತ್ತವೆ. ಎಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ., ಹೋಟೆಲ್ ಮ್ಯಾನೇಜ್‌ಮೆಂಟ್, ಈಗ ಡೇಟಾ ಸೈನ್ಸ್. ಸಮಾಜಕಾರ್ಯವೂ ಒಂದು ಓದು, ಒಂದು ವೃತ್ತಿ ಅಂತ ಬರೆದಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ನಾನು ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದಿದವಳು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ, ಯಲ್ಲಾಪುರದ ಹಳ್ಳಿಗಳಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಪರಿಚಯದ ಹುಡುಗಿಯರು ಬಂದು “ಅಕ್ಕಾ, ನಿಮ್ಮ ಹಾಗೆ ಕೆಲಸ ಮಾಡಬೇಕು ಅಂದ್ರೆ ಎಲ್ಲಿ ಓದಬೇಕು” ಅಂತ ಕೇಳುತ್ತಾರೆ. ಧಾರವಾಡಕ್ಕೆ ಹೋಗು, ಮಂಗಳೂರಿಗೆ ಹೋಗು ಅನ್ನುತ್ತೇನೆ. ಅವರಲ್ಲಿ ಎಷ್ಟೋ ಜನರ ಮನೆಯಲ್ಲಿ ಹಾಸ್ಟೆಲ್ ಖರ್ಚು ಕೊಡುವ ಶಕ್ತಿ ಇಲ್ಲ. ಅವರು ಅಲ್ಲಿಗೇ ಸುಮ್ಮನಾಗುತ್ತಾರೆ.

ಜನರ ಕೆಲಸ ಮಾಡಲು ಓದು ಯಾಕೆ, ಒಳ್ಳೆ ಮನಸ್ಸಿದ್ದರೆ ಸಾಕಲ್ವಾ ಅಂತ ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಸಾಲುವುದಿಲ್ಲ. ಒಳ್ಳೆ ಮನಸ್ಸಿನವರು ಬರೆದುಕೊಟ್ಟ ಅರ್ಜಿಗಳು ತಿರಸ್ಕೃತವಾಗಿ ವಾಪಸ್ ಬಂದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅರಣ್ಯ ಹಕ್ಕಿನ ಅರ್ಜಿಯನ್ನೇ, ಅಂದರೆ ಕಾಡಿನ ಜಮೀನಿನಲ್ಲಿ ಬದುಕುವವರು ಅದರ ಹಕ್ಕು ಕೇಳಿ ಹಾಕುವ ಅರ್ಜಿಯನ್ನೇ ತೆಗೆದುಕೊಳ್ಳಿ. ಸುಮಾರು ಶೇ 80ರಷ್ಟು ಕಾಡಿರುವ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

ಅರಣ್ಯ ಹಕ್ಕು ಕಾಯ್ದೆ ಬಂದಿದ್ದು 2006ರಲ್ಲಿ. 2005ರ ಡಿಸೆಂಬರ್ 13ಕ್ಕಿಂತ ಮೊದಲೇ ಜಮೀನು ಸ್ವಾಧೀನದಲ್ಲಿರಬೇಕು, ಜಾಸ್ತಿ ಅಂದರೆ 4 ಹೆಕ್ಟೇರ್. ಕಾಡಿನಲ್ಲಿ ಬದುಕುವ ಪರಿಶಿಷ್ಟ ಪಂಗಡದವರಿಗೆ ಇಷ್ಟು ಸಾಕು. ಉಳಿದವರು, ಅಂದರೆ ಕಾಯ್ದೆ ‘ಇತರ ಪಾರಂಪರಿಕ ಅರಣ್ಯವಾಸಿಗಳು’ ಅಂತ ಕರೆಯುವವರು, ಆ ದಿನಾಂಕಕ್ಕಿಂತ ಹಿಂದೆ ಮೂರು ತಲೆಮಾರು, 75 ವರ್ಷ, ಕಾಡನ್ನೇ ನಂಬಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. ನಮ್ಮ ಜಿಲ್ಲೆಯ ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿತು. ತಮ್ಮನ್ನೂ ಆ ಪಟ್ಟಿಗೆ ಸೇರಿಸಿ ಅನ್ನುವುದು ಹಾಲಕ್ಕಿಗಳದ್ದು, ಜೊಯಿಡಾದ ಕುಣಬಿಗಳದ್ದು ಎಷ್ಟೋ ವರ್ಷದ ಬೇಡಿಕೆ. ಹಾಗಾಗಿ ಒಂದೇ ಊರಿನ ಎರಡು ಮನೆಗೆ ಬೇರೆ ಬೇರೆ ದಾಖಲೆ ಬೇಕಾಗುತ್ತದೆ. ಇದು ಗೊತ್ತಿಲ್ಲದೆ ಒಂದೇ ಮಾದರಿಯಲ್ಲಿ ನೂರಾರು ಅರ್ಜಿ ತುಂಬಿಸಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಇನ್ನೊಂದು ಗೊಂದಲವನ್ನು ಇಲ್ಲಿ ಹೇಳಲೇಬೇಕು. 75 ವರ್ಷ ಅಂದ ಕೂಡಲೇ ಈಗ ಸಾಗುವಳಿ ಮಾಡುತ್ತಿರುವ ಅದೇ ತುಂಡು ಜಮೀನಿಗೇ 75 ವರ್ಷದ ದಾಖಲೆ ಬೇಕು ಅಂತ ಜನ ತಿಳಿಯುತ್ತಾರೆ. ಕೆಲವು ಕಡೆ ಅರ್ಜಿ ನೋಡುವ ಸಮಿತಿಯವರೂ ಹಾಗೇ ಹೇಳಿ ಕಳಿಸುತ್ತಾರೆ. ಕಾಯ್ದೆ ಕೇಳುವುದು ಆ ಭಾಗದಲ್ಲಿ ಬದುಕಿದ್ದಕ್ಕೆ ಸಾಕ್ಷಿ. ಸಾಕ್ಷಿ ಅಂದರೆ ಬರೀ ಸರ್ಕಾರಿ ಕಾಗದವೂ ಅಲ್ಲ. ಆ ಕಾಯ್ದೆಯ ನಿಯಮಗಳಲ್ಲಿ 13ನೆಯದರಲ್ಲಿ ಉದ್ದದ ಪಟ್ಟಿಯೇ ಇದೆ. ರೇಷನ್ ಕಾರ್ಡ್, ಮನೆ ತೆರಿಗೆ ರಸೀದಿ ಇರುವ ಹಾಗೆ ಹಳೆಯ ಬಾವಿ, ಸಮಾಧಿ, ಪೂಜೆಯ ಜಾಗ, ವಂಶವೃಕ್ಷ, ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆ, ಇವೆಲ್ಲ ಸಾಕ್ಷಿಯೇ. ಒಂದಕ್ಕಿಂತ ಹೆಚ್ಚು ಇರಬೇಕು, ಅಷ್ಟೇ. ನಮ್ಮ ಕಡೆ ಜಟಕನ ಕಟ್ಟೆ, ಚೌಡಿ ಬನದಂಥ ಪೂಜೆಯ ಜಾಗ ಇಲ್ಲದ ಊರಿದೆಯಾ? ಆದರೂ ಅದರ ಒಂದು ಫೋಟೋ ಕೂಡ ಇಲ್ಲದೆ, ಬರೀ ಒಂದು ರೇಷನ್ ಕಾರ್ಡಿನ ಜೆರಾಕ್ಸ್ ಇಟ್ಟ ಅರ್ಜಿಗಳು ಉಪವಿಭಾಗ ಮಟ್ಟದ ಸಮಿತಿಗೆ ಹೋಗುತ್ತವೆ.

ಹಿರಿಯರ ಹೇಳಿಕೆ ಬರೆದುಕೊಳ್ಳುವುದು ಸುಲಭ ಅಂತ ಕಾಣುತ್ತದೆ. ಸುಲಭವಲ್ಲ. ಅಜ್ಜನ ಎದುರು ಕೂತು “ನಿಮ್ಮ ಅಪ್ಪ 1930ರಲ್ಲಿ ಇಲ್ಲೇ ಇದ್ದರಾ” ಅಂತ ಕೇಳಿದರೆ ಹೌದು ಅನ್ನುತ್ತಾರೆ, 1920 ಅಂದರೂ ಹೌದು ಅನ್ನುತ್ತಾರೆ. ಕೇಳಿದವರಿಗೆ ಬೇಜಾರಾಗಬಾರದು ಅನ್ನುವುದು ಅವರ ಲೆಕ್ಕ. ಅದರ ಬದಲು ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ಆದಾಗ ಮನೆಯವರು ಎಲ್ಲಿದ್ದರು ಅಂತ ಹಿಂದಿನವರು ಹೇಳುತ್ತಿದ್ದರಾ, ಕರ ನಿರಾಕರಣೆ ಸಮಯದಲ್ಲಿ ಯಾರ ಮನೆ ಜಪ್ತಿ ಆಯಿತು, ಬಾವಿ ತೋಡಿದವರು ಯಾರು, ಮೊದಲ ಮಗು ಹುಟ್ಟಿದಾಗ ಯಾವ ಮನೆಯಲ್ಲಿದ್ದಿರಿ, ಹೀಗೆ ಒಂದೊಂದೇ ಕೇಳುತ್ತಾ ಹೋಗಬೇಕು. ನಡುವೆ ಬಾಯಿ ಹಾಕಬಾರದು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬೇಕು, ಆಮೇಲೆ ಓದಿ ಹೇಳಬೇಕು, ತಪ್ಪಿದ್ದರೆ ತಿದ್ದಬೇಕು. ಸಿದ್ದಿ ಮನೆಗಳಲ್ಲಿ ಕೊಂಕಣಿಗೆ ಹತ್ತಿರದ ಮಾತು ಆಡುತ್ತಾರೆ, ಹಾಲಕ್ಕಿ ಕೊಪ್ಪದ ಕನ್ನಡವೇ ಬೇರೆ, ಪೇಟೆಯ ಕನ್ನಡದಲ್ಲಿ ಕೇಳಿದರೆ ಅರ್ಧ ವಿಷಯ ಹೊರಗೇ ಬರುವುದಿಲ್ಲ. ಇದು ಹುಟ್ಟಿನಿಂದ ಬರುವ ಗುಣವಲ್ಲ, ಕಲಿಯಬೇಕಾದ ವಿದ್ಯೆ. ಯಾರೋ ಕಲಿಸಬೇಕು, ಎರಡು ಮೂರು ಸಲ ಜೊತೆಗೆ ಕೂತು ತೋರಿಸಬೇಕು.

ಅರ್ಜಿ ತಿರಸ್ಕಾರವಾದರೆ ಕಾರಣ ಬರೆದು ಅರ್ಜಿದಾರರಿಗೆ ತಿಳಿಸಬೇಕು, 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಆದರೆ ಎಷ್ಟೋ ಮನೆಗಳಲ್ಲಿ ಆ ಕಾಗದ ಪೆಟ್ಟಿಗೆಯಲ್ಲಿ ಭದ್ರವಾಗಿ ಇರುತ್ತದೆ, ಮೇಲ್ಮನವಿಯ ಅವಧಿ ಮುಗಿದಿರುತ್ತದೆ. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸುವ ಬಗ್ಗೆ ಆದೇಶ ಮಾಡಿತು. ಅದೇ ತಿಂಗಳ 28ರಂದು ಅದನ್ನು ತಡೆಹಿಡಿಯಿತು. ನಡುವಿನ ಆ ದಿನಗಳಲ್ಲಿ ಅತಿಕ್ರಮಣದಾರರು ಅಂತ ಕರೆಸಿಕೊಳ್ಳುವ ನಮ್ಮವರ ಮನೆಗಳಲ್ಲಿ ಎಂಥ ಹೆದರಿಕೆ ಇತ್ತು ಅಂತ ನಾನು ಬಲ್ಲೆ. ಊರಿಗೊಬ್ಬರು ಕಾಯ್ದೆ ಓದಿಕೊಂಡವರು ಇದ್ದಿದ್ದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತಿತ್ತು.

ಮನೆಯೊಳಗಿನ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಗಂಡ ಕುಡಿದು ಹೊಡೆಯುತ್ತಾನೆ ಅಂತ ಒಬ್ಬಳು ಸ್ವಸಹಾಯ ಸಂಘದ ಅಧ್ಯಕ್ಷೆಯ ಹತ್ತಿರ ಬಂದು ಅತ್ತರೆ, ಅಧ್ಯಕ್ಷೆ ಒಳ್ಳೆಯವಳೇ, ಪಾಪ, ಸೀದಾ ಹೋಗಿ ಅವನಿಗೆ ಬೈಯುತ್ತಾಳೆ. ರಾತ್ರಿ ಆ ಹೆಂಗಸಿಗೆ ಮತ್ತೆ ಹೊಡೆತ ಬೀಳುತ್ತದೆ, ಈ ಸಲ ದೂರು ಹೇಳಿದ್ದಕ್ಕೆ. ಕಲಿತವರು ಮೊದಲು ಕೇಳುವ ಪ್ರಶ್ನೆ “ಇವತ್ತು ರಾತ್ರಿ ನೀನು ಮನೆಯಲ್ಲಿ ಇರಬಹುದಾ, ಮಕ್ಕಳು ಎಲ್ಲಿದ್ದಾರೆ” ಅನ್ನುವುದು. ಅವಳ ಒಪ್ಪಿಗೆ ಇಲ್ಲದೆ ಒಂದು ಮಾತೂ ಹೊರಗೆ ಹೋಗಬಾರದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅವಳಿಗೆ ಅದೇ ಮನೆಯಲ್ಲಿ ಇರುವ ಹಕ್ಕಿದೆ ಅಂತ ಹೇಳಬೇಕು, ತಾಲ್ಲೂಕಿನಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ ಅಂತ ಹೇಳಬೇಕು, ವಕೀಲರ ಖರ್ಚಿಲ್ಲ ಅಂತಲೂ ಹೇಳಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಯಾವುದೇ ಹೆಂಗಸಿಗೆ ಕಾನೂನು ನೆರವು ಉಚಿತ, ಆದಾಯ ಎಷ್ಟೇ ಇರಲಿ. ಇದನ್ನು ಕೇಳಿ ಬೆರಗಾಗುವ ಪದವೀಧರರನ್ನೂ ನೋಡಿದ್ದೇನೆ. ಇಂಜೆಕ್ಷನ್ ಕೊಡಲು ಕಲಿತವರೇ ಬೇಕು ಅಂತ ಒಪ್ಪುವ ನಾವು, ಒಂದು ಮನೆಯ ಜೀವನದೊಳಗೆ ಕೈ ಹಾಕಲು ಯಾರಾದರೂ ಆಗುತ್ತದೆ ಅಂತ ಯಾಕೆ ಅಂದುಕೊಳ್ಳುತ್ತೇವೋ ನನಗೆ ತಿಳಿಯುವುದಿಲ್ಲ.

ತರಬೇತಿ ಅನ್ನುವುದು ಈಗಿನವರ ಹೊಸ ಆಲೋಚನೆಯೂ ಅಲ್ಲ. ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜ ಕಟ್ಟಿದಾಗ, ಸೇರುವವರಿಗೆ 5 ವರ್ಷದ ತರಬೇತಿ ಕಡ್ಡಾಯ ಮಾಡಿದ್ದರು. ಓದಬೇಕು, ದೇಶ ಸುತ್ತಬೇಕು, ಆಮೇಲೆ ಕೆಲಸ. ನಮ್ಮ ಅಂಕೋಲಾದ ದಿನಕರ ದೇಸಾಯಿ ಅದೇ ಸಮಾಜದ ಸದಸ್ಯರು. ಮುಂಬೈಯಲ್ಲಿ ಹಡಗಿನ ಕೆಲಸಗಾರರ ನಡುವೆ ದುಡಿದರು, ಇಲ್ಲಿ ಗೇಣಿದಾರರನ್ನು ಸಂಘಟಿಸಿದರು, ಅದಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಹೈಸ್ಕೂಲು ತಂದರು. ಅವರ ಧೈರ್ಯವನ್ನು ನಾವು ಹೊಗಳುತ್ತೇವೆ. ಆ ಧೈರ್ಯದ ಹಿಂದೆ ಇದ್ದ ಓದು, ಶಿಸ್ತು, ಲೆಕ್ಕಪತ್ರದ ಮಾತು ಯಾರೂ ಆಡುವುದಿಲ್ಲ. ಶಿರಸಿ ಕಡೆಯ ಅಪ್ಪಿಕೋ ಚಳವಳಿಯೂ ಹೀಗೇ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯ ಕಾಡಿನಲ್ಲಿ ಜನ ಮರ ಅಪ್ಪಿ ನಿಂತರು. ಆ ಚಳವಳಿಯ ಮುಂದಾಳು ಪಾಂಡುರಂಗ ಹೆಗಡೆ ದೆಹಲಿಯಲ್ಲಿ ಸಮಾಜಕಾರ್ಯ ಓದಿದವರು, ಊರಿಗೆ ವಾಪಸ್ ಬಂದವರು.

ಇದಕ್ಕೆ ಕೆಲವರು ಸುಕ್ರಜ್ಜಿಯ ಉದಾಹರಣೆ ಕೊಡುತ್ತಾರೆ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆ ಕಾಣದವರು. ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ಹೋರಾಡಿದರು, 2017ರಲ್ಲಿ ಪದ್ಮಶ್ರೀ ಬಂತು. ಅವರು ಯಾವ ಕಾಲೇಜಿಗೆ ಹೋಗಿದ್ದರು ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಸುಕ್ರಜ್ಜಿಗೆ ಇದ್ದ ಜನರ ನಂಬಿಕೆಯನ್ನು ಯಾವ ಪದವಿಯೂ ಕೊಡಲಾರದು. ಅದಕ್ಕೇ ನಾನು ಕೇಳುವ ತರಬೇತಿಗೆ ಪದವಿಯ ಬಾಗಿಲು ಇರಬಾರದು ಅನ್ನುತ್ತೇನೆ. ಊರಲ್ಲಿ ಆಗಲೇ ನಂಬಿಕೆ ಗಳಿಸಿರುವ ಆಶಾ ಕಾರ್ಯಕರ್ತೆ, ಸಂಘದ ಬುಕ್ ಬರೆಯುವ ಹುಡುಗಿ, ಪಂಚಾಯತ್ ಗ್ರಂಥಾಲಯದವರು, ಅರಣ್ಯ ಹಕ್ಕು ಸಮಿತಿಯಲ್ಲಿ ಹೆಸರಿಗೆ ಮಾತ್ರ ಇರುವ ಹೆಂಗಸರು, ಇಂಥವರನ್ನು ಮೊದಲು ಕರೆಯಿರಿ. ಆ ಸಮಿತಿಯಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಲೇಬೇಕು ಅಂತ ನಿಯಮವೇ ಇದೆ. ಸಭೆಯಲ್ಲಿ ಸಹಿ ಮಾಡಿ ಎದ್ದು ಬರುವುದೇ ಅವರ ಪಾಲಿಗೆ ಬಂದಿದೆ.

ಎಂ.ಎಸ್.ಡಬ್ಲ್ಯು. ಬೇಡ ಅಂತ ಇದರ ಅರ್ಥವಲ್ಲ. ಭಾರತದಲ್ಲಿ ಇದನ್ನು ಮೊದಲು ಕಲಿಸಿದ್ದು 1936ರಲ್ಲಿ ಮುಂಬೈಯಲ್ಲಿ ಶುರುವಾದ, ಈಗ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಅಂತ ಕರೆಯುವ ಸಂಸ್ಥೆ. ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯ 1960ರಿಂದ ಇದೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಿಭಾಗ ಇದೆ. ಯಾವ ಪದವಿ ಆದವರೂ ಸೇರಬಹುದು. ಎರಡು ವರ್ಷದ ಓದಿನಲ್ಲಿ ಕ್ಷೇತ್ರಕಾರ್ಯಕ್ಕೆ ವಾರದಲ್ಲಿ ದಿನಗಳನ್ನು ಮೀಸಲಿಟ್ಟು ಹೊರಗೆ ಕಳಿಸುತ್ತಾರೆ, ಗ್ರಾಮ ಶಿಬಿರ ಇರುತ್ತದೆ. ಒಬ್ಬ ವ್ಯಕ್ತಿಯ ಜೊತೆ, ಒಂದು ಗುಂಪಿನ ಜೊತೆ, ಒಂದು ಊರಿನ ಜೊತೆ ಕೆಲಸ ಮಾಡುವುದು ಬೇರೆ ಬೇರೆ ಅಂತ ನನಗೆ ತಿಳಿದಿದ್ದೇ ಅಲ್ಲಿ. ವಾರವಾರ ಬರೆದ ವರದಿಯನ್ನು ಮೇಷ್ಟ್ರು ಕೆಂಪು ಪೆನ್ನಿನಲ್ಲಿ ತುಂಬಿಸಿ ಕೊಡುತ್ತಿದ್ದರು. “ಅವರು ಏನು ಹೇಳಿದರು ಬರೆದಿದ್ದೀಯಾ, ನೀನು ಏನು ಅಂದುಕೊಂಡೆ ಬರೆದಿದ್ದೀಯಾ” ಅಂತ ಕೇಳುತ್ತಿದ್ದರು. ಇವತ್ತಿಗೂ ನನಗೆ ಅನ್ನ ಕೊಡುವ ಪಾಠ ಅದು. ಆದರೆ ನಮ್ಮ ಕ್ಷೇತ್ರಕಾರ್ಯ ನಡೆದಿದ್ದೆಲ್ಲ ನಗರದ ಕೊಳೆಗೇರಿಯಲ್ಲಿ, ಆಸ್ಪತ್ರೆಯಲ್ಲಿ. ಕಾಡು, ಕಡಲು, ಅಣೆಕಟ್ಟು, ಒಕ್ಕಲೆಬ್ಬಿಸಿದ ಊರು, ಇವು ನಮ್ಮ ಪಾಠದಲ್ಲಿ ಬಂದಿದ್ದೇ ಅಪರೂಪ. ಮತ್ತೆ ನನ್ನ ಜೊತೆ ಓದಿದವರಲ್ಲಿ ಬಹಳ ಜನ ಎಚ್.ಆರ್. (ಸಿಬ್ಬಂದಿ ನಿರ್ವಹಣೆ) ವಿಷಯ ತೆಗೆದುಕೊಂಡು ಕಾರ್ಖಾನೆಗಳಿಗೆ ಹೋದರು. ಇದಕ್ಕೆ ಹಳೆಯ ಕಾರಣ ಇದೆ. 1948ರ ಕಾರ್ಖಾನೆ ಕಾಯ್ದೆ 500ಕ್ಕಿಂತ ಕಡಿಮೆ ಇಲ್ಲದಷ್ಟು ಕೆಲಸಗಾರರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕು ಅಂದಿತು, ಆ ಹುದ್ದೆಗೆ ಈ ಪದವಿಯವರು ಬೇಕಾದರು. ಅವರನ್ನು ನಾನು ದೂರುವುದಿಲ್ಲ. ಅಲ್ಲಿ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ.

ನಾನು ಕೇಳುವುದು ಒಂದು ವರ್ಷದ ತರಬೇತಿ. ಎಸ್ಸೆಸ್ಸೆಲ್ಸಿ ಆದವರಿಗೂ ಬಾಗಿಲು ತೆರೆದಿರಲಿ. ವಾರದಲ್ಲಿ ಎರಡು ದಿನ ತರಗತಿ, ಉಳಿದದ್ದು ಅವರವರ ಊರಲ್ಲೇ, ಅನುಭವಸ್ಥರ ಕೈಕೆಳಗೆ. ಪಹಣಿ ಓದಲು ಕಲಿಸಿ, 9ನೇ ಕಾಲಂ ಯಾರ ಹೆಸರು, 11ರಲ್ಲಿ ಏನು ಬರೆದಿದೆ, 12ರಲ್ಲಿ ಏನಿದೆ ಅಂತ. ಗ್ರಾಮಸಭೆಯ ಠರಾವು ಹೇಗೆ ಬರೆಯಬೇಕು, ಕೋರಂ, ಅಂದರೆ ಬೇಕಾದಷ್ಟು ಜನ, ಇಲ್ಲದ ಸಭೆಯ ಠರಾವಿಗೆ ಯಾಕೆ ಬೆಲೆ ಇಲ್ಲ ಅಂತ ಕಲಿಸಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ, ಆದರೆ ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಮನಸ್ಸಿನ ಸಂಕಟವೆಲ್ಲ ನಾಲ್ಕು ಪುಟ ಬರೆದು ಕಳಿಸಿದರೆ ವಾಪಸ್ ಬರುತ್ತದೆ, ಅದನ್ನು ಚಿಕ್ಕದಾಗಿ ಬರೆಯುವುದನ್ನೇ ಒಂದು ದಿನ ಕೂರಿಸಿ ಕಲಿಸಬೇಕು. ಹಣದ ಲೆಕ್ಕ ಬರೆಯಲು ಕಲಿಸಿ. ಕಷ್ಟದಲ್ಲಿರುವವರ ಫೋಟೋ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಬಾರದು ಅಂತ ಮೊದಲ ದಿನವೇ ಕಲಿಸಿ. ಸ್ಕೂಟರ್ ಕೂಡ ಕಲಿಸಿ, ಯಾಕೆಂದರೆ ಕೊನೆ ಬಸ್ಸು ತಪ್ಪಿದರೆ ನಮ್ಮ ಘಟ್ಟದ ಊರುಗಳಿಂದ ಹೆಣ್ಣುಮಕ್ಕಳು ವಾಪಸ್ ಬರುವುದು ಹೇಗೆ? ಮನೆಯವರು ಬೇಡ ಅನ್ನುವುದಕ್ಕೆ ಅರ್ಧ ಕಾರಣ ಇದೇ.

ಕಲಿಯಲು ಊರುಗಳಿಗೆ ಬರವಿಲ್ಲ. ಸೀ ಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, ಅದಕ್ಕೆ ಜಮೀನು ಬಿಟ್ಟವರ ಪುನರ್ವಸತಿ ಕಾಲೊನಿಗಳು ಕಾರವಾರದ ಹತ್ತಿರವೇ ಇವೆ. ಪರಿಹಾರಕ್ಕಾಗಿ ಒಂದು ಕುಟುಂಬ ಎಷ್ಟು ವರ್ಷ ಕೋರ್ಟಿಗೆ ಅಲೆಯುತ್ತದೆ ಅನ್ನುವುದನ್ನು ಅಲ್ಲಿ ಕೂತು ಕೇಳಲಿ. 2024ರ ಜುಲೈ 16ರಂದು ನಮ್ಮ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯ ಆಚೆ ದಡದ ಉಳುವರೆಯಲ್ಲೂ ಮನೆಗಳು ಕೊಚ್ಚಿ ಹೋದವು. ಇಂಥ ಹೊತ್ತಿನಲ್ಲಿ ಯಾರ ಹೆಸರು ಪಟ್ಟಿಯಿಂದ ಬಿಟ್ಟುಹೋಗಿದೆ ಅಂತ ನೋಡುವವರು, ಮಾತು ನಿಂತುಹೋದವರ ಪಕ್ಕ ಸುಮ್ನೆ ಕೂರಲು ಗೊತ್ತಿರುವವರು ಬೇಕು. ಕರಾವಳಿಯಲ್ಲಿ ಕೇಣಿ, ಕಾಸರಕೋಡ ಟೊಂಕಾ ಕಡೆ ಬಂದರು ಯೋಜನೆಗಳ ವಿಷಯ ಎಷ್ಟು ದೊಡ್ಡದಾಗಿದೆ ಅಂತ ನಿಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಯೋಜನೆಗಳ ಪರಿಸರ ಸಾರ್ವಜನಿಕ ಸಭೆಗೆ 30 ದಿನ ಮೊದಲೇ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು ಅಂತ ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆ ಹೇಳುತ್ತದೆ. ಯೋಜನೆಯ ಪರ ಇರಲಿ ವಿರೋಧ ಇರಲಿ, ಆ 30 ದಿನದಲ್ಲಿ ಮೀನು ಮಾರುವ ಹೆಂಗಸರ ಜೊತೆ ಕೂತು ಅದನ್ನು ಓದಿ ಹೇಳುವವರು ಬೇಡವಾ?

ಈಗ ಸಂಬಳದ ಮಾತು. ಇದನ್ನು ಹೇಳಲು ನಮ್ಮವರೇ ನಾಚುತ್ತಾರೆ. ನಾನು ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಯೋಜನೆಯ ಹಣ ಮುಗಿದ ತಿಂಗಳೇ ನಮ್ಮನ್ನೆಲ್ಲ ಮನೆಗೆ ಕಳಿಸಿದರು. ಊರ ಜನ “ಬಾಯೋರು ಯಾಕೆ ಬರ್ತಿಲ್ಲ” ಅಂತ ಕೇಳಿದರೆ ಉತ್ತರ ಹೇಳುವವರು ಯಾರೂ ಇರಲಿಲ್ಲ. ನಡುವೆ ನಿಂತ ಮೇಲ್ಮನವಿಗಳನ್ನು ನಾವು ಕೆಲವರು ಸ್ವಂತ ಖರ್ಚಿನಲ್ಲಿ ಮುಂದುವರಿಸಿದೆವು, ಎಲ್ಲವನ್ನೂ ಆಗಲಿಲ್ಲ. ಜನರ ಕೆಲಸ ಅಂದ ಮೇಲೆ ದುಡ್ಡು ಕೇಳಬಾರದು ಅನ್ನುವ ಮಾತು ಇದೆಯಲ್ಲ, ಅದರಿಂದ ಬಡವರ ಮನೆಯ ಮಕ್ಕಳು ಈ ಕೆಲಸಕ್ಕೆ ಬಾರದ ಹಾಗೆ ಆಗಿದೆ. ಮನೆಯಲ್ಲಿ ಅಡಿಕೆ ತೋಟ ಇರುವವರು ಎರಡು ವರ್ಷ ಸಂಬಳ ಇಲ್ಲದೆ ಸೇವೆ ಮಾಡಬಹುದು. ಗೌಳಿ ಮನೆಯ, ಮುಕ್ರಿ ಮನೆಯ ಹುಡುಗ ಮಾಡಲಾರ. ಆದರೆ ಅವನ ಊರಿನ ಕಷ್ಟ ಅವನಿಗೇ ಚೆನ್ನಾಗಿ ಗೊತ್ತು. ಹಾಗಾಗಿ ತರಬೇತಿಯ ವರ್ಷ ಕೈಗೆ ಭತ್ಯೆ ಸಿಗಬೇಕು, ತರಬೇತಿ ಮುಗಿದ ಮೇಲೆ ಪಂಚಾಯತ್ ಮಟ್ಟದಲ್ಲಿ ಒಂದು ಕಾಯಂ ಕೆಲಸ ಇರಬೇಕು. ಗ್ರಾಮ ಪಂಚಾಯತ್‌ಗಳ ಗ್ರಂಥಾಲಯಗಳಿಗೆ ಸರ್ಕಾರವೇ ಅರಿವು ಕೇಂದ್ರ ಅಂತ ಹೆಸರಿಟ್ಟಿದೆ. ಅಲ್ಲಿ ಒಂದು ಮೇಜು, ಒಬ್ಬ ತರಬೇತಿ ಆದವರು, ವಾರದಲ್ಲಿ ಕೆಲವು ದಿನವಾದರೂ ಕೂರಲಿ.

ಹಣ ಎಲ್ಲಿಂದ ಅಂತ ಕೇಳಬಹುದು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು, ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಉದ್ಯಮಗಳಿಗೆ ಕೊರತೆ ಇಲ್ಲ. ಬೆಂಚು, ಗೇಟು, ಬಸ್ ತಂಗುದಾಣ ಕಟ್ಟಿಸಿದ ಹಾಗೆ ಕೆಲವು ವರ್ಷ ಈ ತರಬೇತಿಯನ್ನೂ ನಡೆಸಬಹುದು. ಕಲಿಸುವವರೂ ಇಲ್ಲೇ ಇದ್ದಾರೆ. ನಿವೃತ್ತ ಗ್ರಾಮ ಲೆಕ್ಕಿಗರು, ಕಾನೂನು ಸೇವಾ ಸಮಿತಿಯ ವಕೀಲರು, ಭೂಮಿಯ ಹೋರಾಟದಲ್ಲಿ ಕೂದಲು ಹಣ್ಣಾದವರು, ಹೆರಿಗೆ ಮಾಡಿಸಿ ಮಾಡಿಸಿ ಊರೂರು ತಿಳಿದ ನರ್ಸಮ್ಮಂದಿರು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇದೆ. ಅವರು ಪಾಠ ಕಟ್ಟಿಕೊಟ್ಟು ಪ್ರಮಾಣಪತ್ರಕ್ಕೆ ಮುದ್ರೆ ಹಾಕಿದರೆ ಬೆಲೆ ಬರುತ್ತದೆ.

ಜಿಲ್ಲಾ ಪಂಚಾಯತ್‌ನವರು ಜೂನ್‌ಗೆ ಮೊದಲು ಇದಕ್ಕೆಂದೇ ಒಂದು ಸಭೆ ಕರೆಯಲಿ. ಅಧಿಕಾರಿಗಳು, ಕಾಲೇಜಿನವರು ಮಾತ್ರ ಬೇಡ, ಸಿದ್ದಿ, ಹಾಲಕ್ಕಿ, ಕುಣಬಿ, ಖಾರ್ವಿ ಹೆಂಗಸರನ್ನೂ ಕರೆಯಿರಿ, ಬಸ್ ಖರ್ಚು ಕೊಟ್ಟು ಕರೆಯಿರಿ. ಆ ಸಭೆ ಕಾರವಾರದಲ್ಲಿ ಬೇಡ, ಯಲ್ಲಾಪುರದಲ್ಲಿ ಇಡಿ. ಜೊಯಿಡಾದವರೂ ಭಟ್ಕಳದವರೂ ಬರಬೇಕು, ಬೆಳಿಗ್ಗೆ 11ಕ್ಕೆ ಶುರು ಮಾಡಿ 3ಕ್ಕೆ ಮುಗಿಸಿ.

ಇಂತಿ,
ನಿಮ್ಮ ಓದುಗಳು
ಅಂಕೋಲಾ